ಮನೆಯಿಂದ ಶೆಡ್ಡಿಗೆ ಕರೆಂಟು: ನಡುವಿನ ನಲವತ್ತು ಮೀಟರ್

ಮನೆ ಕಟ್ಟುವಾಗ ವಯರಿಂಗ್ ಬಗ್ಗೆ ವಾರಗಟ್ಟಲೆ ಮಾತಾಗುತ್ತದೆ. ಯಾವ ಕೋಣೆಗೆ ಎಷ್ಟು ಪಾಯಿಂಟ್, ಸ್ವಿಚ್ಚುಗಳ ಪೆಟ್ಟಿಗೆ (ಡಿ.ಬಿ.) ಎಲ್ಲಿ, ಅರ್ಥ್ ಗುಂಡಿ ಯಾವ ಮೂಲೆಗೆ ಎಂದೆಲ್ಲ ಯೋಚಿಸುತ್ತೇವೆ. ಆಮೇಲೆ ಹಿತ್ತಲಲ್ಲಿ ಒಂದು ಕಾರ್ ಶೆಡ್ ಏಳುತ್ತದೆ, ಇಲ್ಲವೇ ಕೊಟ್ಟಿಗೆ ಅಂಗಳದಾಚೆಗೆ ಸರಿಯುತ್ತದೆ. ಅಲ್ಲಿಗೆ ಕರೆಂಟು ಹೇಗೆ ಹೋಗಬೇಕೆಂಬುದು ಮಾತ್ರ ಯಾರ ನಕ್ಷೆಯಲ್ಲೂ ಇರುವುದಿಲ್ಲ. ಅಡುಗೆಮನೆಯ ಹಿಂಬದಿಯ ಪ್ಲಗ್ಗಿನಿಂದ ಹೊರಟ ಎರಡೆಳೆಯ ವಯರು ಕಿಟಕಿಯ ಸಂದಿಯಲ್ಲಿ ಹೊರಬಿದ್ದು, ನುಗ್ಗೆ ಮರದ ಕೊಂಬೆ ಹಿಡಿದು, ತಗಡಿನ ಮಾಡಿಗೆ ಮೈ ಉಜ್ಜಿಕೊಂಡು, ಶೆಡ್ಡಿನ ಒಂದು ಬಲ್ಬಿಗೆ ಹೋಗಿ ಮುಟ್ಟುತ್ತದೆ. ‘ಸದ್ಯಕ್ಕೆ ಇಷ್ಟು ಸಾಕು’ ಎಂದು ಎಳೆದದ್ದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಒಂದು ಬಲ್ಬು ಉರಿಸಿದರೆ ಸಾಕೆನ್ನುವ ಕಾಲ ಈಗ ಹೋಗಿದೆ. ಕೊಟ್ಟಿಗೆಗೆ ಹುಲ್ಲು ಕತ್ತರಿಸುವ ಯಂತ್ರ ಬಂದಿದೆ, ಹಾಲು ಕರೆಯುವ ಯಂತ್ರ ಬಂದಿದೆ. ಶೆಡ್ಡಿನಲ್ಲಿ ಗಾಡಿ ತೊಳೆಯುವ ಪಂಪು, ಡ್ರಿಲ್ಲಿಂಗ್ ಮೆಷಿನ್ ಇವೆ. ಎಲ್ಲಕ್ಕಿಂತ ಮಿಗಿಲಾಗಿ ರಾತ್ರಿಯಿಡೀ ಚಾರ್ಜಿಗೆ ನಿಲ್ಲುವ ಬ್ಯಾಟರಿ ಸ್ಕೂಟರು, ಬ್ಯಾಟರಿ ಕಾರು ಬರುತ್ತಿವೆ. ಇಷ್ಟೆಲ್ಲ ಬಂದರೂ ತಂತಿ ಮಾತ್ರ ಬಲ್ಬಿನ ಕಾಲದ್ದೇ.

ವಿದ್ಯುತ್ ಆಘಾತಕ್ಕೆ ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಗಳು. ಬಟ್ಟೆ ಒಣಗಿಸುವ ತಂತಿಗೆ ಕರೆಂಟು ಹರಿದು, ಒದ್ದೆ ನೆಲದ ಮೇಲೆ ನಿಂತು ಮೋಟಾರು ಮುಟ್ಟಿ ಸತ್ತವರ ಸುದ್ದಿ ಜಿಲ್ಲಾ ಪುಟಗಳಲ್ಲಿ ಮಳೆಗಾಲದುದ್ದಕ್ಕೂ ಬರುತ್ತಲೇ ಇರುತ್ತದೆ. ಇಂಥ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಹುದು. ಅದಕ್ಕಾಗಿ ಮೊದಲು ಒಂದು ತಿಳಿವಳಿಕೆ ಬದಲಾಗಬೇಕು. ಶೆಡ್ಡಿಗೆ ಹೋಗುವ ಲೈನು ಮನೆಯ ವಯರಿಂಗ್‌ಗೆ ಅಂಟಿಸಿದ ಬಾಲ ಎಂದುಕೊಂಡಿದ್ದೇವೆ. ನಿಜವಾಗಿ ಅದು ತನ್ನದೇ ರಕ್ಷಣೆ, ತನ್ನದೇ ಮೇನ್ ಸ್ವಿಚ್ಚು, ತನ್ನದೇ ಅರ್ಥಿಂಗ್ ಬೇಡುವ ಇನ್ನೊಂದು ಪೂರ್ಣ ವ್ಯವಸ್ಥೆ.

ಮೊದಲು ಲೋಡಿನ ಲೆಕ್ಕ

ಕೆಲಸ ಶುರುವಾಗಬೇಕಾದದ್ದು ಕಾಗದದ ಮೇಲೆ. ಶೆಡ್ಡಿನಲ್ಲಿ ಇಂದು ಏನಿದೆ, ಇನ್ನೈದು ವರ್ಷದಲ್ಲಿ ಏನು ಬರಬಹುದು ಎಂದು ಬರೆದುಕೊಳ್ಳಬೇಕು. ಬ್ಯಾಟರಿ ಸ್ಕೂಟರಿನ ಚಾರ್ಜರು ಸಾಮಾನ್ಯವಾಗಿ ಒಂದು ಕಿಲೋವ್ಯಾಟಿನ ಆಸುಪಾಸು, ಹಲವು ಅದಕ್ಕಿಂತಲೂ ಕಡಿಮೆ ಎಳೆಯುತ್ತವೆ. ಎರಡು ಎಚ್.ಪಿ. ಮೋಟಾರಿನ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಂಗಲ್ ಫೇಸಿನಲ್ಲಿ ಹತ್ತು ಆಂಪಿಯರ್‌ಗಿಂತ ತುಸು ಹೆಚ್ಚೇ ಬೇಕು. ಕಾರನ್ನು 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ 3.3 ಕಿಲೋವ್ಯಾಟ್, ಅಂದರೆ 14 ಆಂಪಿಯರ್‌ಗೂ ಮೇಲೆ. ಗೋಡೆಗೆ ಕೂರಿಸುವ ದೊಡ್ಡ ಚಾರ್ಜರಾದರೆ 7.2 ಕಿಲೋವ್ಯಾಟ್, ಸುಮಾರು 32 ಆಂಪಿಯರ್.

ಕಾರಿನ ಲೋಡಿಗೂ ಮಿಕ್ಕ ಲೋಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಸ್ತ್ರಿ ಪೆಟ್ಟಿಗೆ, ಮಿಕ್ಸರುಗಳು ಸ್ವಲ್ಪ ಹೊತ್ತು ಓಡಿ ನಿಲ್ಲುತ್ತವೆ. ತಂತಿಗೆ ತಣಿಯಲು ಬಿಡುವು ಸಿಗುತ್ತದೆ. ಕಾರು ಎಂಟು ಗಂಟೆ ಒಂದೇ ಸಮನೆ, ಒಂದೇ ಬಿಗಿಯಲ್ಲಿ ಕರೆಂಟು ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ, ಹೊಸೆದು ಟೇಪು ಸುತ್ತಿದ ಒಂದು ಜಾಯಿಂಟ್ ಇದ್ದರೆ ಅಲ್ಲಿ ಶಾಖ ಏರುತ್ತಾ ಹೋಗುತ್ತದೆ. ಪ್ಲಾಸ್ಟಿಕ್ ಕರಗಿ ಸಾಕೆಟ್ಟು ಕಪ್ಪಾಗುವುದು ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ.

ಈ ಲೆಕ್ಕ ಬಿಲ್ಲಿಗೂ ಬೇಕು. 3.3 ಕಿಲೋವ್ಯಾಟಿನಲ್ಲಿ ಎಂಟು ಗಂಟೆ ಚಾರ್ಜ್ ಮಾಡಿದರೆ 26 ಯೂನಿಟ್ ದಾಟುತ್ತದೆ. ಅಂಥ ಎಂಟು ರಾತ್ರಿಗಳಿಗೆ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ತಿಂಗಳ 200 ಯೂನಿಟ್ ಮಿತಿ ಮೀರಿರುತ್ತದೆ. ಮನೆಗೆ ಮಂಜೂರಾಗಿರುವುದೇ 3 ಕಿಲೋವ್ಯಾಟ್ ಆಗಿದ್ದರೆ, ಕಾರು ಬರುವ ಮುನ್ನವೇ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಹೀಗೆ ನಿಮ್ಮ ಭಾಗದ ಕಂಪನಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. ಮೀಟರಿನ ಆಚೆಗಿನ ಸರ್ವಿಸ್ ವಯರ್ ಕೂಡ ಆ ಭಾರ ಹೊರಬೇಕಲ್ಲ.

ದೂರ ತಿನ್ನುವ ವೋಲ್ಟೇಜು

1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಸಾಗಿಸಿದಾಗ ಎಂಜಿನಿಯರುಗಳ ಎದುರು ಸುಮಾರು 147 ಕಿಲೋಮೀಟರ್ ದೂರವಿತ್ತು. ತಂತಿ ಉದ್ದವಾದಷ್ಟೂ ದಾರಿಯಲ್ಲೇ ಶಕ್ತಿ ಸೋರಿ ಶಾಖವಾಗುತ್ತದೆ. ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಆ ನಷ್ಟವನ್ನು ಹತೋಟಿಗೆ ತಂದರು. ಹಿತ್ತಲ ಶೆಡ್ಡಿನ ವಿಚಾರದಲ್ಲೂ ಅದೇ ನಿಯಮ ನಡೆಯುತ್ತದೆ. ನಾವು ಮಾತ್ರ 230 ವೋಲ್ಟನ್ನು ಏರಿಸುವಂತಿಲ್ಲ. ನಮಗಿರುವ ದಾರಿ ಒಂದೇ: ತಂತಿಯನ್ನು ದಪ್ಪ ಮಾಡುವುದು.

ಮನೆಯಿಂದ ಶೆಡ್ಡು 40 ಮೀಟರ್ ದೂರ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ಬರಬೇಕಾದ್ದರಿಂದ ತಂತಿಯ ಉದ್ದ 80 ಮೀಟರ್. ವಯರ್‌ಮನ್‌ಗಳು ‘ಟೂ ಪಾಯಿಂಟ್ ಫೈವ್’ ಎನ್ನುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿ 16 ಆಂಪಿಯರ್ ಎಳೆದರೆ ದಾರಿಯಲ್ಲಿ ಸುಮಾರು 9.5 ವೋಲ್ಟ್ ಇಳಿಯುತ್ತದೆ. ಆ ತಂತಿಯುದ್ದಕ್ಕೂ 150 ವ್ಯಾಟ್ ಬರೀ ಶಾಖವಾಗಿ ಹೋಗುತ್ತದೆ, ರಾತ್ರಿಗೆ ಒಂದು ಯೂನಿಟ್‌ಗೂ ಹೆಚ್ಚು. ಅದೇ ಜಾಗದಲ್ಲಿ 6 ಚದರ ಮಿಲಿಮೀಟರ್ ತಂತಿ ಇದ್ದರೆ ಇಳಿತ ನಾಲ್ಕು ವೋಲ್ಟ್, ನಷ್ಟ ಸುಮಾರು 63 ವ್ಯಾಟ್. ದೀಪಗಳಿಗೆ ಶೇ 3, ಮಿಕ್ಕ ಉಪಕರಣಗಳಿಗೆ ಶೇ 5ಕ್ಕಿಂತ ಹೆಚ್ಚು ವೋಲ್ಟೇಜ್ ಇಳಿಯಬಾರದು ಎಂಬುದು ಈ ಕಸುಬಿನಲ್ಲಿ ಒಪ್ಪಿತವಾದ ಮಿತಿ. 2.5ರ ತಂತಿ ಈ ಮಿತಿಯ ಅಂಚಿಗೆ ಹೋಗಿ ನಿಲ್ಲುತ್ತದೆ.

ಮೋಟಾರಿನ ವಿಷಯದಲ್ಲಿ ಇದು ಇನ್ನೂ ತೀವ್ರ. ಮೋಟಾರು ತಿರುಗಲು ಶುರುಮಾಡುವ ಆ ಕ್ಷಣ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹತ್ತು ಆಂಪಿಯರ್ ಮೋಟಾರು ಅರವತ್ತು ಎಳೆದರೆ ಮೇಲೆ ಹೇಳಿದ ಸಣ್ಣ ತಂತಿಯಲ್ಲಿ 35 ವೋಲ್ಟ್ ಮಾಯ. ಹಳ್ಳಿಗಳಲ್ಲಿ ಸಂಜೆ ಹೊತ್ತು ಮನೆಗೇ 200 ವೋಲ್ಟ್ ಬರುತ್ತಿದ್ದರೆ ಶೆಡ್ಡಿಗೆ ಮುಟ್ಟುವುದು 165. ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಎರಡು ಸಲ ಹಾಗಾದರೆ ಕಾಯಿಲ್ ಸುಟ್ಟ ವಾಸನೆ. ಜನ ಮೋಟಾರನ್ನೋ ಕಂಪನಿಯನ್ನೋ ಬಯ್ಯುತ್ತಾರೆ. ಸುಟ್ಟದ್ದು ಸಣ್ಣ ತಂತಿಯಿಂದ.

ಹಣ ಉಳಿಸಲು ಅಲ್ಯೂಮಿನಿಯಂ ಕೇಬಲ್ ಹಾಕುವುದು ತಪ್ಪಲ್ಲ. ಅದರ ರೋಧ ತಾಮ್ರದ್ದಕ್ಕಿಂತ 1.6 ಪಟ್ಟು ಹೆಚ್ಚು ಎಂಬುದು ನೆನಪಿರಬೇಕು. ತಾಮ್ರದಲ್ಲಿ 6 ಸಾಕಾಗುವಲ್ಲಿ ಅಲ್ಯೂಮಿನಿಯಂ 10 ಬೇಕು. ಎರಡು ಲೋಹಗಳನ್ನು ಬರಿದೇ ಹೊಸೆದರೆ ಆ ಜಾಗ ತೇವಕ್ಕೆ ಕೊರೆದುಹೋಗುತ್ತದೆ, ಸರಿಯಾದ ಲಗ್ ಹಾಕಿ ಒತ್ತಿಸಬೇಕು.

ಮೇಲಿನಿಂದಲೋ, ನೆಲದೊಳಗಿಂದಲೋ

ಮೇಲಿನಿಂದ ಎಳೆಯುವುದು ಅಗ್ಗ. ಆದರೆ ಅಡಿಕೆ ದಬ್ಬೆಯ ಮೇಲೆ, ಮರದ ಕೊಂಬೆಯ ಮೇಲೆ ಎಳೆದ ತಂತಿಗೆ ಗಾಳಿಯೂ ಮಂಗನೂ ಸಾಕು. ಬಿಸಿಲು ಪಿ.ವಿ.ಸಿ. ಹೊದಿಕೆಯನ್ನು ಬಿರುಕು ಬಿಡಿಸುತ್ತದೆ, ಕೊಂಬೆಯ ಉಜ್ಜು ಅದನ್ನು ಸವೆಸುತ್ತದೆ. ಬಿರುಕಿನ ಜಾಗ ತಗಡಿಗೋ ಕಬ್ಬಿಣದ ಕಂಬಕ್ಕೋ ತಾಗಿದರೆ ಇಡೀ ಶೆಡ್ಡೇ ಕರೆಂಟು ಹೊತ್ತು ನಿಲ್ಲುತ್ತದೆ. ವಯರಿಗೆ ಆಧಾರವಾಗಿ ಕಟ್ಟಿದ ಜಿ.ಐ. ತಂತಿಯ ಮೇಲೆ ಬಟ್ಟೆ ಒಣಹಾಕುವ ರೂಢಿಯಂತೂ ಎಷ್ಟೋ ಹೆಣ್ಣುಮಕ್ಕಳ ಜೀವ ತೆಗೆದಿದೆ. ಕರೆಂಟು ವಯರಿನ ಆಧಾರ ತಂತಿಗೂ ಬಟ್ಟೆಯ ತಂತಿಗೂ ಎಂದೂ ನಂಟು ಇರಬಾರದು. ಬಟ್ಟೆಗೆ ನೈಲಾನ್ ಹಗ್ಗ ಕಟ್ಟಿ. ಮೇಲಿನಿಂದಲೇ ಎಳೆಯುವುದು ಅನಿವಾರ್ಯವಾದರೆ ಗಟ್ಟಿ ಕಂಬ ಇರಲಿ. ಹೊದಿಕೆಯಿರುವ ತಂತಿಯಾದರೂ ನೆಲದಿಂದ ನಾಲ್ಕು ಮೀಟರಿಗಿಂತ ಕೆಳಗೆ ಬರಬಾರದು. ಹುಲ್ಲಿನ ಲಾರಿ ಬರುವ ದಾರಿಯಾದರೆ ಇನ್ನೂ ಎತ್ತರ ಬೇಕು.

ನೆಲದೊಳಗಿನ ದಾರಿ ಒಮ್ಮೆ ಖರ್ಚು, ಆಮೇಲೆ ನಿಶ್ಚಿಂತೆ. ಇದಕ್ಕೆ ಬೇಕಾದದ್ದು ಆರ್ಮರ್ಡ್ ಕೇಬಲ್. ಒಳಗಿನ ಎಳೆಗಳ ಸುತ್ತ ಉಕ್ಕಿನ ಕವಚವಿದ್ದು, ಹೆಗ್ಗಣದ ಹಲ್ಲನ್ನೂ ಗುದ್ದಲಿಯ ಏಟನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಮನೆಯೊಳಗೆ ಪೈಪಿನಲ್ಲಿ ಎಳೆಯುವ ಬಿಡಿ ವಯರನ್ನು ಮಣ್ಣಿನಲ್ಲಿ ಹೂಳುವುದು ಸಲ್ಲದು. ಕೇಬಲ್ ಹೂಳುವ ಕ್ರಮ ಹೇಳುವ ಐ.ಎಸ್. 1255 ಮಾನಕದ ಪ್ರಕಾರ ಮನೆ ವೋಲ್ಟೇಜಿನ ಕೇಬಲ್ಲಿಗೆ 75 ಸೆಂಟಿಮೀಟರ್ ಆಳ ಬೇಕು. ಕಾಲುವೆಯ ತಳಕ್ಕೆ ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ, ಆಮೇಲೆ ಮಣ್ಣು. ಮಣ್ಣು ಮುಚ್ಚುವಾಗ ನಡುವೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಹಾಸಿದರೆ ಮುಂದೆ ಅಗೆಯುವವನಿಗೆ ಕೇಬಲ್ಲಿಗಿಂತ ಮೊದಲು ಅದು ಸಿಗುತ್ತದೆ. ಟ್ರ್ಯಾಕ್ಟರ್ ಹಾಯುವ ಜಾಗದಲ್ಲಿ ಒಂದು ಮೀಟರ್ ಆಳದಲ್ಲಿ ಗಟ್ಟಿ ಪೈಪಿನೊಳಗೆ ಕೇಬಲ್ ದಾಟಿಸಬೇಕು.

ಜೆ.ಸಿ.ಬಿ. ಬಕೆಟ್ಟಿಗೆ ಇಟ್ಟಿಗೆಯೂ ಕವಚವೂ ಲೆಕ್ಕಕ್ಕಿಲ್ಲ. ಆದ್ದರಿಂದ ಕಾಲುವೆ ಮುಚ್ಚುವ ಮೊದಲು ಫೋಟೊ ತೆಗೆದು, ಯಾವ ಗೋಡೆಯಿಂದ ಎಷ್ಟು ಅಡಿಗೆ ಕೇಬಲ್ ಇದೆ ಎಂದು ಬರೆದು ಡಿ.ಬಿ. ಬಾಗಿಲ ಒಳಗೆ ಅಂಟಿಸಿಡಿ. ನೆಲದೊಳಗೆ ಜಾಯಿಂಟ್ ಬೇಡ. ಅಳತೆ ತೆಗೆದು ಒಂದೇ ತುಂಡು ತರಿಸಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಅರ್ಥ್ ಗುಂಡಿಯೊಂದೇ ಕಾಯದು

ಇನ್ನು ಈ ಲೇಖನದ ಮುಖ್ಯ ಮಾತು. ‘ನಮ್ಮ ಶೆಡ್ಡಿಗೆ ಅರ್ಥ್ ಗುಂಡಿ ಇದೆ, ಭಯವಿಲ್ಲ’ ಎಂಬ ಧೈರ್ಯ ಅನೇಕರಲ್ಲಿದೆ. ಲೆಕ್ಕ ಹಾಕಿ ನೋಡೋಣ. ನಮ್ಮ ಊರುಗಳಲ್ಲಿ ಟ್ರಾನ್ಸ್‌ಫಾರ್ಮರಿನ ಬಳಿ ಕಂಪನಿಯ ಅರ್ಥಿಂಗ್ ಇದೆ, ಮನೆಯ ಬಳಿ ನಮ್ಮದೇ ಗುಂಡಿ ಇದೆ. ಮೋಟಾರಿನ ಒಳಗೆ ಹೊದಿಕೆ ಸವೆದು ಫೇಸ್ ಅದರ ಮೈಗೆ ತಾಗಿತು ಎನ್ನಿ. ಕರೆಂಟು ಅರ್ಥ್ ವಯರಿನಲ್ಲಿ ಗುಂಡಿಗಿಳಿದು ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳಬೇಕು. ಆ ದಾರಿಯ ಒಟ್ಟು ರೋಧ 20 ಓಮ್ ಎಂದಾದರೆ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. ಲೈನಿಗೆ ಹಾಕಿರುವ, ಕರೆಂಟು ಮಿತಿ ಮೀರಿದರೆ ತಾನೇ ಬೀಳುವ 16 ಆಂಪಿಯರ್ ಎಂ.ಸಿ.ಬಿ.ಗೆ ಇದು ಸಾಮಾನ್ಯ ಲೋಡು. ಅದು ಬೀಳುವುದೇ ಇಲ್ಲ. ಕ್ಷಣದಲ್ಲಿ ಬೀಳಲು ಸಿ ನಮೂನೆಯ ಎಂ.ಸಿ.ಬಿ.ಗೆ ತನ್ನ ಐದರಿಂದ ಹತ್ತು ಪಟ್ಟು ಕರೆಂಟು ಬೇಕು. ಅಷ್ಟರವರೆಗೂ ಮೋಟಾರಿನ ಮೈ ಮೇಲೆ ಜೀವ ತೆಗೆಯುವಷ್ಟು ವೋಲ್ಟೇಜು ನಿಂತೇ ಇರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಗುಂಡಿಯ ರೋಧ ಏರಿದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು.

ಈ ಕಂದರವನ್ನು ತುಂಬುವುದೇ ಆರ್.ಸಿ.ಸಿ.ಬಿ. ಅಂಗಡಿಗಳಲ್ಲಿ ಇದನ್ನು ಹಳೆಯ ಹೆಸರಿನಿಂದ ಇ.ಎಲ್.ಸಿ.ಬಿ. ಎಂದೂ ಕೇಳುತ್ತಾರೆ. ಇದರ ಕೆಲಸ ಜಾಗರೂಕ ಗುಮಾಸ್ತನ ಜಮಾ-ಖರ್ಚಿನಂಥದ್ದು: ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ಹಿಂದೆ ಬಂತೇ ಎಂದು ಸದಾ ತಾಳೆ ನೋಡುತ್ತದೆ. ನಡುವೆ 30 ಮಿಲಿ ಆಂಪಿಯರ್ ಎಲ್ಲಿಗೋ ಸೋರಿದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ ಲೈನನ್ನು ಕಡಿಯುತ್ತದೆ. ಸೋರಿಕೆ ಐದು ಪಟ್ಟಾದರೆ ನೂರರಲ್ಲಿ ನಾಲ್ಕು ಭಾಗ ಸಾಕು. ಈ 30ರ ಗೆರೆ ಸುಮ್ಮನೆ ಎಳೆದದ್ದಲ್ಲ. ಒಂಬತ್ತು ವ್ಯಾಟಿನ ಎಲ್.ಇ.ಡಿ. ಬಲ್ಬು ಉರಿಯಲು ಸುಮಾರು 40 ಮಿಲಿ ಆಂಪಿಯರ್ ಬೇಕು. ಅದಕ್ಕಿಂತ ತುಸು ಹೆಚ್ಚಿನ ಕರೆಂಟು ಎದೆಯ ಮೂಲಕ ಹಾದರೆ ಗುಂಡಿಗೆಯ ಲಯ ತಪ್ಪಬಹುದು. ಹತ್ತು ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ.

ಎಂ.ಸಿ.ಬಿ. ಕಾಯುವುದು ತಂತಿಯನ್ನು, ಆರ್.ಸಿ.ಸಿ.ಬಿ. ಕಾಯುವುದು ಜೀವವನ್ನು. ಒಂದರ ಕೆಲಸ ಇನ್ನೊಂದು ಮಾಡದು, ಎರಡೂ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಕೂಡ ಮನೆ ಸಂಪರ್ಕಗಳಲ್ಲಿ ಸೋರಿಕೆಗೆ 30 ಮಿಲಿ ಆಂಪಿಯರ್ ಮಿತಿಯನ್ನೇ ಹಾಕಿವೆ. ಒಂದು ಎಚ್ಚರವೂ ಇರಲಿ: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್.ಸಿ.ಸಿ.ಬಿ. ಉಳಿಸಲಾರದು. ಅದರ ಲೆಕ್ಕದಲ್ಲಿ ಅವನೂ ಒಂದು ಬಲ್ಬು.

ಹಾಗೆಂದು ಅರ್ಥಿಂಗ್ ಬಿಡುವಂತಿಲ್ಲ. ಅರ್ಥ್ ಇದ್ದರೆ ಮೋಟಾರಿನ ಮೈಗೆ ಕರೆಂಟು ಹರಿದ ಕ್ಷಣವೇ ಆರ್.ಸಿ.ಸಿ.ಬಿ. ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಅದು ಕಾಯುತ್ತದೆ. ಆದ್ದರಿಂದ ಶೆಡ್ಡಿಗೆ ಹೋಗುವ ಕೇಬಲ್ಲಿನಲ್ಲಿ ಫೇಸ್, ನ್ಯೂಟ್ರಲ್ ಜೊತೆಗೆ ಅರ್ಥಿನ ಮೂರನೇ ಎಳೆ ಇರಲೇಬೇಕು. ಶೆಡ್ಡಿನ ಬಳಿಯೂ ಒಂದು ಗುಂಡಿ ತೋಡಿ, ಐ.ಎಸ್. 3043 ಹೇಳುವಂತೆ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು ಇಳಿಸಿ, ಎರಡನ್ನೂ ಶೆಡ್ಡಿನ ಡಿ.ಬಿ.ಯಲ್ಲಿ ಸೇರಿಸುವುದು ಒಳ್ಳೆಯದು. ಕೇಬಲ್ಲಿನ ಉಕ್ಕಿನ ಕವಚವನ್ನೂ ಗ್ಲ್ಯಾಂಡ್ ಹಾಕಿ ಅರ್ಥಿಗೆ ಜೋಡಿಸಬೇಕು.

ಅರ್ಥ್ ಎಳೆ ಉಳಿಸಲು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಸೇರಿಸುವವರಿದ್ದಾರೆ. ದಾರಿಯಲ್ಲಿ ನ್ಯೂಟ್ರಲ್ ಕಡಿದ ದಿನ ಯಂತ್ರದ ಮೈಯೆಲ್ಲ ಫೇಸ್ ಆಗುತ್ತದೆ. ನ್ಯೂಟ್ರಲ್ ಇಲ್ಲದೆ ಫೇಸ್ ಮತ್ತು ಅರ್ಥಿನಲ್ಲೇ ಬಲ್ಬು ಉರಿಸುವುದೂ ಅಷ್ಟೇ ಘೋರ. ಎರಡರಲ್ಲಿ ಯಾವುದು ಕಂಡರೂ ಅಂದೇ ಬಿಚ್ಚಿಸಿ.

ಕೊಟ್ಟಿಗೆಯ ವಿಷಯವೇ ಬೇರೆ

ದನಗಳಿಗೆ ಕರೆಂಟು ನಮಗಿಂತ ಬೇಗ ತಾಗುತ್ತದೆ. ಅವು ಬರಿಗೊರಸಿನಲ್ಲಿ, ಸಗಣಿ ಗಂಜಲದ ತೇವದ ಮೇಲೆ ನಿಂತಿರುತ್ತವೆ. ಉಪ್ಪಿನಂಶವಿರುವ ಆ ತೇವ ವಿದ್ಯುತ್ತಿಗೆ ರಾಜಮಾರ್ಗ. ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರಿನಷ್ಟು ಅಂತರವಿರುವುದರಿಂದ ನೆಲದಲ್ಲಿ ವೋಲ್ಟೇಜಿನ ಏರುಪೇರು ಇದ್ದರೆ ಕರೆಂಟು ಒಂದು ಕಾಲಿನಿಂದ ಇನ್ನೊಂದಕ್ಕೆ, ಎದೆಯ ಮೂಲಕವೇ ಹಾಯುತ್ತದೆ. ಹಸುವಿನ ದೇಹದ ರೋಧವೂ ಮನುಷ್ಯನದ್ದಕ್ಕಿಂತ ಕಡಿಮೆ.

ಸಾಯುವಷ್ಟು ಅಲ್ಲದಿದ್ದರೂ ಕೆಲವೇ ವೋಲ್ಟಿನ ಸೋರಿಕೆ ಸಾಕು ಹಸುವನ್ನು ಕಾಡಲು. ನೀರಿನ ತೊಟ್ಟಿಗೆ ಮೂತಿಯಿಟ್ಟು ಹಿಂದೆ ಸರಿಯುವುದು, ಹಾಲು ಕರೆಯುವ ಯಂತ್ರ ಹಾಕುತ್ತಲೇ ಒದೆಯುವುದು, ಸೊರ ಬಿಡದಿರುವುದು ಇವಕ್ಕೆಲ್ಲ ಕಾಯಿಲೆಯ ಜೊತೆಗೆ ಕರೆಂಟಿನ ಸೋರಿಕೆಯನ್ನೂ ಅನುಮಾನಿಸಬೇಕು. ಪರಿಹಾರವೆಂದರೆ ದನ ಮುಟ್ಟಬಹುದಾದ ಲೋಹವನ್ನೆಲ್ಲ ಒಂದಕ್ಕೊಂದು ಬೆಸೆದು ಅರ್ಥಿಗೆ ಸೇರಿಸುವುದು. ನೀರಿನ ಪೈಪು, ಗೋದಲಿಯ ಕಂಬಿ, ಮಾಡಿನ ಕಂಬ, ಸಿಮೆಂಟ್ ನೆಲದೊಳಗಿನ ಸರಳಿನ ಬಲೆ ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಗೊರಸಿಗೂ ಮೂತಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟುವುದಿಲ್ಲ. ನೆಲಕ್ಕೆ ಸಿಮೆಂಟ್ ಹಾಕುವ ಮೊದಲೇ ಸರಳಿಗೊಂದು ಪಟ್ಟಿ ಬೆಸೆದು ಹೊರಗೆ ಬಿಟ್ಟರೆ ಇದಕ್ಕೆ ತಗಲುವ ಖರ್ಚು ತೀರಾ ಕಡಿಮೆ. ಹುಲ್ಲಿನ ಧೂಳು ಬಲ್ಬಿನ ಹೋಲ್ಡರಿನಲ್ಲಿ ಕೂತು ಹೊತ್ತುವುದನ್ನು ತಡೆಯಲು ಮುಚ್ಚಿದ ದೀಪಗಳೇ ಬೇಕು. ಸ್ವಿಚ್ಚು, ಸಾಕೆಟ್ಟುಗಳು ದನದ ಬಾಲಕ್ಕೂ ತೊಳೆಯುವ ನೀರಿಗೂ ಎಟುಕದ ಎತ್ತರದಲ್ಲಿರಲಿ.

ಶೆಡ್ಡಿನ ಒಳಗೆ

ಶೆಡ್ಡಿನ ಬಾಗಿಲ ಬಳಿಯೇ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಮೇನ್ ಸ್ವಿಚ್ಚು ಇರಬೇಕು. ಅಪಾಯವಾದಾಗ ನಲವತ್ತು ಮೀಟರ್ ಓಡಿ ಮನೆಯೊಳಗೆ ಹೋಗಿ ಆರಿಸುವಷ್ಟು ವೇಳೆ ಇರುವುದಿಲ್ಲ. ಶೆಡ್ಡಿನ ಲೈನು ಮನೆಯ ಆರ್.ಸಿ.ಸಿ.ಬಿ.ಗೆ ಮುಂಚೆಯೇ ಕವಲೊಡೆದು, ತನ್ನದೇ ಎಂ.ಸಿ.ಬಿ. ಮೂಲಕ ಹೊರಟರೆ ಕೊಟ್ಟಿಗೆಯ ಸೋರಿಕೆಗೆ ಅಡುಗೆಮನೆ ಕತ್ತಲಾಗುವುದಿಲ್ಲ. ಮನೆ ತುದಿಯಲ್ಲಿ 100 ಮಿಲಿ ಆಂಪಿಯರಿನ, ತುಸು ತಡೆದು ಬೀಳುವ ಆರ್.ಸಿ.ಸಿ.ಬಿ., ಶೆಡ್ಡಿನಲ್ಲಿ ತಕ್ಷಣ ಬೀಳುವ 30ರದ್ದು ಹಾಕುವುದು ಉತ್ತಮ ಕ್ರಮ. ಕಾರಿನ ಚಾರ್ಜರಿಗೆ ಬೇರೆಯೇ ಸರ್ಕ್ಯೂಟು ಬೇಕು. ಅದಕ್ಕೆ ಮಾಮೂಲು ಎ.ಸಿ. ನಮೂನೆಯ ಆರ್.ಸಿ.ಸಿ.ಬಿ. ಸಾಲದು, ಎ ನಮೂನೆಯದನ್ನೇ ಕೇಳಿ ತರಬೇಕು. ಬ್ಯಾಟರಿ ಚಾರ್ಜರುಗಳಿಂದ ಸೋರುವ ಕರೆಂಟಿನ ರೂಪವೇ ಬೇರೆ, ಹಳೆಯ ನಮೂನೆ ಅದನ್ನು ಗುರುತಿಸದೆ ಹೋಗಬಹುದು.

ಆರ್.ಸಿ.ಸಿ.ಬಿ. ಪದೇಪದೇ ಬೀಳುತ್ತಿದೆ ಎಂದು ಅದನ್ನೇ ಕಿತ್ತು ನೇರ ಕೊಡುವುದು ನಮ್ಮಲ್ಲಿ ಬಹಳ ಕಡೆ ನಡೆಯುವ ಅನಾಹುತ. ಅದು ಬೀಳುತ್ತಿದ್ದರೆ ಎಲ್ಲೋ ನಿಜವಾಗಿ ಸೋರುತ್ತಿದೆ, ಇಲ್ಲವೇ ಇನ್ವರ್ಟರಿನ ನ್ಯೂಟ್ರಲ್ಲು ಮನೆಯ ನ್ಯೂಟ್ರಲ್ಲಿಗೆ ತಪ್ಪಾಗಿ ಬೆರೆತಿದೆ. ಎರಡನ್ನೂ ಹುಡುಕಿ ಸರಿಪಡಿಸಬಹುದು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಅದು ಬರೀ ಪೆಟ್ಟಿಗೆ, ಬದಲಿಸಿ.

ಕೆಲಸ ಯಾರದ್ದು

ಇದು ವಿಡಿಯೊ ನೋಡಿ ಮಾಡುವ ಕೆಲಸವಲ್ಲ. ವಯರಿಂಗ್ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರಿಂದ, ಪರ್ಮಿಟ್ ಇರುವ ವಯರ್‌ಮನ್ ಕೈಯಲ್ಲಿ ಆಗಬೇಕು ಎನ್ನುತ್ತದೆ ಕಾನೂನು. ಓದುಗರು ಮಾಡಬೇಕಾದದ್ದು ಸರಿಯಾದ ಪ್ರಶ್ನೆ ಕೇಳುವುದು. ಎಸ್ಟಿಮೇಟಿನಲ್ಲಿ ಮೂರನೇ ಎಳೆ ಇದೆಯೇ? ದೂರಕ್ಕೆ ತಕ್ಕ ದಪ್ಪ ಲೆಕ್ಕ ಹಾಕಿದ್ದೀರಾ? ಶೆಡ್ಡಿಗೆ ಬೇರೆ ಆರ್.ಸಿ.ಸಿ.ಬಿ. ಬರೆದಿದ್ದೀರಾ? ಮುಗಿದ ಮೇಲೆ 500 ವೋಲ್ಟಿನ ಮೆಗ್ಗರ್ ಹಚ್ಚಿ ತೋರಿಸುತ್ತೀರಾ? ಆ ಪರೀಕ್ಷೆಯಲ್ಲಿ ತಂತಿಗೂ ಅರ್ಥಿಗೂ ನಡುವೆ ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಲೈನು ಚಾಲೂ ಮಾಡಬಾರದು.

ತೋಟದ ಪಂಪ್‌ಸೆಟ್ಟಿನ ಲೈನು ಹತ್ತಿರವಿದೆ ಎಂದು ಅಲ್ಲಿಂದ ಶೆಡ್ಡಿಗೆ ಎಳೆಯುವ ಆಸೆ ಬೇಡ. ರಾಜ್ಯದಲ್ಲಿ ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟಿರುವುದು ನೀರಾವರಿಗೆ. ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದುಪ್ಪಟ್ಟು ದರದ ಬಿಲ್ಲು ಬರುತ್ತದೆ. ಶೆಡ್ಡಿನಲ್ಲಿ ವೆಲ್ಡಿಂಗ್ ಅಂಗಡಿಯನ್ನೋ ಹಿಟ್ಟಿನ ಗಿರಣಿಯನ್ನೋ ತೆರೆದು ಮನೆ ದರದಲ್ಲೇ ನಡೆಸಿದರೂ ಅದೇ ಕಲಮು.

ಲಕ್ಷಗಟ್ಟಲೆ ಕೊಟ್ಟು ಕಾರು ತರುವ ಮನೆ, ಎಮ್ಮೆ ಹಸುಗಳಿಗೆ ಸಾಲ ಮಾಡುವ ಮನೆ, ಅವು ನಿಲ್ಲುವ ಜಾಗದ ಕೇಬಲ್ಲಿಗೆ ಬಂದಾಗ ಕೈ ಬಿಗಿ ಹಿಡಿಯುತ್ತದೆ. ಅರ್ಥಿನ ಎಳೆ, ಆಳದ ಕಾಲುವೆ, ಆರ್.ಸಿ.ಸಿ.ಬಿ. ಇವು ಯಾವುವೂ ಬಲ್ಬಿನಂತೆ ಬೆಳಗುವುದಿಲ್ಲ, ಮೋಟಾರಿನಂತೆ ತಿರುಗುವುದಿಲ್ಲ. ಅದಕ್ಕೇ ಮೊದಲು ಕತ್ತರಿ ಬೀಳುವುದು ಇವಕ್ಕೇ. ಶೆಡ್ಡು ಕಟ್ಟುವ ಯೋಚನೆ ಇರುವವರು ಪಾಯ ತೋಡಲು ಆಳು ಬಂದ ದಿನವೇ ಕೇಬಲ್ಲಿನ ಕಾಲುವೆಯನ್ನೂ ಅರ್ಥ್ ಗುಂಡಿಯನ್ನೂ ತೋಡಿಸಿ. ಈಗಾಗಲೇ ಕಿಟಕಿಯಿಂದ ವಯರು ಎಳೆದಿರುವವರು ಮುಂಗಾರಿನ ಮೊದಲ ಗುಡುಗಿಗೆ ಮುಂಚೆ ಅದನ್ನು ಬಿಚ್ಚಿಸಿ, ಪರ್ಮಿಟ್ ಇರುವ ವಯರ್‌ಮನ್‌ಗೆ ಹೇಳಿ ಕಳಿಸಿ.